ವಲಸೆ ಸಮುದಾಯ ಮತ್ತು ಗುರುದ್ವಾರ: ಬ್ರಿಟಿಷ್ ಕೊಲಂಬಿಯಾದ ನಿದರ್ಶನ

ವಲಸೆ ಹೋದ ಸಮುದಾಯಗಳ ಅಧ್ಯಯನದಲ್ಲಿ ಪೂಜಾಸ್ಥಳಗಳ ಕುರಿತ ಚರ್ಚೆ ಬಹುಮಟ್ಟಿಗೆ ‘ಸಂಸ್ಕೃತಿಯ ಸಂರಕ್ಷಣೆ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ತವರಿನಿಂದ ಒಯ್ದ ನಂಬಿಕೆ, ಭಾಷೆ, ಆಚರಣೆಗಳನ್ನು ಪರನಾಡಿನಲ್ಲಿ ಕಾಪಿಟ್ಟ ಭಂಡಾರಗಳೆಂದು ಅವನ್ನು ವರ್ಣಿಸುವುದು ವಾಡಿಕೆ. ಕೆನಡಾದ ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಗುರುದ್ವಾರಗಳ ಚರಿತ್ರೆಯನ್ನು ಪರಿಶೀಲಿಸಿದಾಗ ಈ ವಿವರಣೆ ಸಾಲದೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ಗುರುದ್ವಾರವು ಭಂಡಾರವಾಗುವುದಕ್ಕೆ ಮೊದಲೇ ಮತದ ಹಕ್ಕಿಲ್ಲದ ಕೂಲಿಕಾರರ ಛತ್ರವಾಗಿತ್ತು, ಸಭಾಮಂದಿರವಾಗಿತ್ತು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪಂಜಾಬಿನ ರೈತಾಪಿ ಕುಟುಂಬಗಳ ಗಂಡಸರು, ಅವರಲ್ಲಿ ಅನೇಕರು ಬ್ರಿಟಿಷ್ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು, ಈ ಪ್ರಾಂತ್ಯದ ಮರದ ಕಾರ್ಖಾನೆಗಳಿಗೂ ರೈಲುಮಾರ್ಗದ ಕೆಲಸಕ್ಕೂ ಬಂದು ಸೇರಿದರು. 1907ರಲ್ಲಿ ಪ್ರಾಂತ್ಯವು ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಮರುವರ್ಷ ಜಾರಿಗೆ ಬಂದ ನಿಯಮವು ತಾಯ್ನಾಡಿನಿಂದ ಎಡೆಬಿಡದ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂದು ವಿಧಿಸಿತು. ನಿಯಮದಲ್ಲಿ ಭಾರತದ ಹೆಸರಿರಲಿಲ್ಲ. ಅದರ ಗುರಿ ಮಾತ್ರ ಯಾರಿಗೂ ಗುಟ್ಟಾಗಿರಲಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅನುಮತಿ ದೊರೆತದ್ದು 1919ರಲ್ಲಿ. ಅಲ್ಲಿಯವರೆಗಿನ ಸಮುದಾಯವು ಬಹುತೇಕ ಹೆಣ್ಣುದನಿಯಿಲ್ಲದ ಸಮುದಾಯ. ಪಂಜಾಬಿನ ಮನೆಗಳಲ್ಲಿ ಹೆಂಗಸರ ಮೂಲಕ ಹರಿದುಬರುತ್ತಿದ್ದ ಮದುವೆಯ ಹಾಡು, ಜೋಗುಳ, ಹಬ್ಬದಡುಗೆಗಳ ಪರಂಪರೆಗೆ ಅಲ್ಲಿ ಆಸರೆಯಿರಲಿಲ್ಲವೆಂಬುದನ್ನು ಜಾನಪದ ಅಧ್ಯೇತೃಗಳು ಅಲಕ್ಷಿಸುವಂತಿಲ್ಲ.

ಇಂಥ ಸ್ಥಿತಿಯಲ್ಲಿ 1906ರಲ್ಲಿ ವ್ಯಾಂಕೂವರಿನಲ್ಲಿ ಖಾಲ್ಸಾ ದಿವಾನ್ ಸೊಸೈಟಿ ಸ್ಥಾಪನೆಯಾಯಿತು. 1908ರಲ್ಲಿ ಎರಡನೆಯ ಅವೆನ್ಯೂದಲ್ಲಿ ಅದರ ಗುರುದ್ವಾರ ತೆರೆಯಿತು. ಆ ಕಟ್ಟಡ ಇಂದು ಉಳಿದಿಲ್ಲ. ಉತ್ತರ ಅಮೆರಿಕದಲ್ಲಿ ಉಳಿದಿರುವ ಗುರುದ್ವಾರ ಕಟ್ಟಡಗಳಲ್ಲಿ ಅತ್ಯಂತ ಹಳೆಯದು ಆಬಟ್ಸ್‌ಫರ್ಡಿನದು, 1911ರಲ್ಲಿ ಕಟ್ಟಿದ್ದು. ಸ್ಥಳೀಯ ಮರದ ಕಾರ್ಖಾನೆಯು ಕೊಟ್ಟ ಹಲಗೆ ತೊಲೆಗಳನ್ನು ಅಲ್ಲಿ ದುಡಿಯುತ್ತಿದ್ದ ಸಿಖ್ಖರು ಬೆನ್ನ ಮೇಲೆ ಹೊತ್ತು ಗುಡ್ಡ ಏರಿದರು. ಹೊರನೋಟಕ್ಕೆ ಆ ಕಾಲದ ಗಡಿನಾಡಿನ ಅಂಗಡಿ ಮನೆಗಳನ್ನು ಹೋಲುವ, ಚಪ್ಪಟೆ ಮುಖದ ಎರಡಂತಸ್ತಿನ ಮರದ ಕಟ್ಟಡ ಅದು. ಗುಮ್ಮಟವಿಲ್ಲ, ಅಮೃತಶಿಲೆಯಿಲ್ಲ. ಮೇಲಂತಸ್ತಿನಲ್ಲಿ ಗುರುಗ್ರಂಥ ಸಾಹಿಬ್. ಕೆಳಗೆ ಅಡುಗೆ, ಊಟ, ವಸತಿ. ಬೀದರಿನ ನಾನಕ್ ಝೀರಾವನ್ನು ಕಂಡ ಕನ್ನಡಿಗರಿಗೆ ಇದು ಗುರುದ್ವಾರವೆಂದು ಮೊದಲ ನೋಟಕ್ಕೆ ತೋರಲಿಕ್ಕಿಲ್ಲ. ಆದರೆ ಗುರುದ್ವಾರವಾಗಲು ಬೇಕಾದದ್ದು ಗುರುಗ್ರಂಥ ಮತ್ತು ಅದರ ಸುತ್ತ ಕೂಡುವ ಸಂಗತ್, ಶಿಲ್ಪವಲ್ಲ.

ವಲಸೆಯ ಬದುಕಿಗೆ ಆ ಕೆಳಗಿನ ಅಂತಸ್ತೇ ಹೆಚ್ಚು ಮುಖ್ಯವಾಗಿತ್ತೆಂದರೆ ತಪ್ಪಾಗದು. ಲಂಗರ್ ಎಂದರೆ ಅನ್ನದಾನ ಎಂದು ಅನುವಾದಿಸಿದರೆ ಅರ್ಧ ಅರ್ಥ ಕೈಬಿಡುತ್ತದೆ. ಇಲ್ಲಿ ದಾನಿಯೂ ಯಾಚಕನೂ ಇಲ್ಲ. ಬೇಯಿಸುವುದು, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲವೂ ‘ಸೇವಾ’. ಶರಣರ ದಾಸೋಹಕ್ಕೆ ಇದು ಹತ್ತಿರದ ಕಲ್ಪನೆ. ಸಾಲಾಗಿ ಕೂತು ಉಣ್ಣುವುದಕ್ಕೆ ‘ಪಂಗತ್’ ಎಂದು ಹೆಸರು. ಕನ್ನಡದ ‘ಪಂಕ್ತಿ’ಯೂ ಅದೇ ಮೂಲದ್ದು. ವಿಪರ್ಯಾಸವೆಂದರೆ, ಪಂಕ್ತಿಭೇದದ ನೆನಪನ್ನು ಹೊತ್ತಿರುವ ಈ ಪದವೇ ಸಿಖ್ಖರಲ್ಲಿ ಭೇದವನ್ನು ಮುರಿಯುವ ಆಚರಣೆಯ ಹೆಸರಾಗಿದೆ. ಹೊಸದಾಗಿ ಬಂದಿಳಿದವನಿಗೆ ಊಟ, ಮಲಗಲು ಜಾಗ, ಎಲ್ಲಿ ಕೆಲಸ ಸಿಕ್ಕೀತೆಂಬ ಸುದ್ದಿ, ಊರಿಗೆ ಕಾಗದ ಬರೆದುಕೊಡುವವರು, ಇವೆಲ್ಲ ಒಂದೇ ಸೂರಿನಡಿ ದೊರೆಯುತ್ತಿದ್ದವು.

1914ರ ಮೇ 23ರಂದು ಕೊಮಗಾಟ ಮಾರು ಹಡಗು 376 ಪ್ರಯಾಣಿಕರೊಂದಿಗೆ ವ್ಯಾಂಕೂವರ್ ಬಂದರಿಗೆ ಬಂದಾಗ ಈ ಸೂರಿನ ಶಕ್ತಿ ಪರೀಕ್ಷೆಗೊಳಗಾಯಿತು. ಪ್ರಯಾಣಿಕರಲ್ಲಿ 340 ಸಿಖ್ಖರು, 24 ಮುಸ್ಲಿಮರು, 12 ಹಿಂದೂಗಳು ಇದ್ದರು. ಹಡಗಿನಲ್ಲಿದ್ದವರ ಪರವಾಗಿ ದಡದಲ್ಲಿ ರಚನೆಯಾದ ಸಮಿತಿಯಲ್ಲಿ ಹುಸೇನ್ ರಹೀಮರ ಜೊತೆಗೆ ಸೊಸೈಟಿಯ ಅಧ್ಯಕ್ಷ ಭಾಗ್ ಸಿಂಗ್, ಗ್ರಂಥಿ ಬಲವಂತ ಸಿಂಗ್ ಇದ್ದರು. ಹಡಗಿನ ಬಾಡಿಗೆಗೆಂದು ಕೂಲಿಯ ಗಳಿಕೆಯಿಂದ ಚಂದಾ ಕೂಡಿತು. ನ್ಯಾಯಾಲಯದಲ್ಲಿ ವಾದ ನಡೆಯಿತು. ಫಲ ದೊರೆಯಲಿಲ್ಲ. ಜುಲೈ 23ರಂದು ಹಡಗು ಹಿಂದಿರುಗಿತು. ಸೆಪ್ಟೆಂಬರ್ 5ರಂದು ಗುರುದ್ವಾರದೊಳಗೇ, ವಲಸೆ ಇಲಾಖೆಯ ಮಾಹಿತಿದಾರನಾಗಿದ್ದ ಬೇಲಾ ಸಿಂಗನ ಗುಂಡಿಗೆ ಭಾಗ್ ಸಿಂಗ್ ಬಲಿಯಾದರು. ಅಕ್ಟೋಬರ್ 21ರಂದು ಮೇವಾ ಸಿಂಗ್ ವಲಸೆ ಅಧಿಕಾರಿ ಹಾಪ್ಕಿನ್ಸನ್‌ನನ್ನು ನ್ಯಾಯಾಲಯದ ಆವರಣದಲ್ಲಿ ಗುಂಡಿಟ್ಟು ಕೊಂದು, 1915ರ ಜನವರಿ 11ರಂದು ಗಲ್ಲಿಗೇರಿದರು. ಸರ್ಕಾರಿ ಕಡತದಲ್ಲಿ ಕೊಲೆಗಾರನಾದ ಆ ವ್ಯಕ್ತಿ ಗುರುದ್ವಾರದ ಸ್ಮೃತಿಯಲ್ಲಿ ಹುತಾತ್ಮ. ಅವರ ನೆನಪಿನ ದಿನವನ್ನು ಸಮುದಾಯವು ಇಂದಿಗೂ ಆಚರಿಸುತ್ತಿದೆ. ಅಧಿಕೃತ ಚರಿತ್ರೆಗೆ ಎದುರಾದ ಮೌಖಿಕ ಚರಿತ್ರೆಗೆ ಪ್ರತಿವರ್ಷ ಮರುಹುಟ್ಟು ನೀಡುವ ಸ್ಥಳ ಗುರುದ್ವಾರವೇ. ಕೆನಡಾದ ಸಂಸತ್ತಿನಲ್ಲಿ ಪ್ರಧಾನಿ ಜಸ್ಟಿನ್ ಟ್ರೂಡೊ ಹಡಗಿನ ಪ್ರಕರಣಕ್ಕೆ ಕ್ಷಮೆ ಕೋರಿದ್ದು 2016ರ ಮೇ 18ರಂದು.

1947ರಲ್ಲಿ ಮತದ ಹಕ್ಕು ಮರಳಿತು. ಹೊರಗಿನ ಹೋರಾಟ ತಗ್ಗಿದಂತೆ ಒಳಗಿನ ಪ್ರಶ್ನೆಗಳು ಮೇಲೆದ್ದವು. ಕೇಶ ಕತ್ತರಿಸಿಕೊಂಡವರು ಗುರುದ್ವಾರದ ಆಡಳಿತದಲ್ಲಿರಬಹುದೇ ಎಂಬ ವಿವಾದದ ಹಿನ್ನೆಲೆಯಲ್ಲಿ 1952ರಲ್ಲಿ ಅಕಾಲಿ ಸಿಂಗ್ ಸಿಖ್ ಸೊಸೈಟಿ ಬೇರೆಯಾಯಿತು. ಇದಕ್ಕಿಂತ ಕುತೂಹಲಕರವಾದದ್ದು ಮೇಜು ಕುರ್ಚಿಗಳ ವಿವಾದ. ಪ್ರಾಂತ್ಯದ ಹಲವು ಗುರುದ್ವಾರಗಳ ಲಂಗರಿನಲ್ಲಿ ಮೇಜು ಕುರ್ಚಿಗಳ ಮೇಲೆ ಕೂತು ಉಣ್ಣುವುದು ರೂಢಿಯಾಗಿತ್ತು. ಸಮಾನತೆಗೆ ನೆಲವೇ ಸಾಕ್ಷಿ ಎಂಬುದು ಒಂದು ಪಕ್ಷದ ನಿಲುವು. ತಲೆಮಾರುಗಳಿಂದ ಬಂದದ್ದೂ ಸಂಪ್ರದಾಯವೇ, ಒಂದೇ ಎತ್ತರದ ಕುರ್ಚಿಗಳಲ್ಲಿ ಭೇದವೆಲ್ಲಿ ಎಂಬುದು ಇನ್ನೊಂದರದು. 1997ರ ಜನವರಿಯಲ್ಲಿ ಸರ್ರೆಯ ಗುರುದ್ವಾರದಲ್ಲಿ ಇದು ಹೊಡೆದಾಟಕ್ಕೆ ತಿರುಗಿತು. 1998ರ ಏಪ್ರಿಲ್‌ನಲ್ಲಿ ಅಮೃತಸರದ ಅಕಾಲ್ ತಖ್ತ್ ನೆಲದ ಮೇಲೆ ಕೂತೇ ಲಂಗರ್ ಸ್ವೀಕರಿಸಬೇಕೆಂದು ಆಜ್ಞೆ ಹೊರಡಿಸಿತು; ಒಪ್ಪದ ಮುಖಂಡರು ಬಹಿಷ್ಕೃತರಾದರು.

ಇದನ್ನು ಕ್ಷುಲ್ಲಕ ಜಗಳವೆಂದು ತಳ್ಳಿಹಾಕಿದ ಬರಹಗಳುಂಟು. ಆ ತೀರ್ಮಾನ ಅವಸರದ್ದು. ಆಡಳಿತದ ಅಧಿಕಾರ, ಪಂಜಾಬಿನ ರಾಜಕೀಯದ ನೆರಳು ಈ ವಿವಾದದಲ್ಲಿ ಇದ್ದವೆಂಬುದು ನಿಜ. ಆದರೆ ಮೂಲದ ಪ್ರಶ್ನೆ ಬೇರೆ: ಹೊರನಾಡಿನಲ್ಲಿ ಹುಟ್ಟಿದ ರೂಢಿಗೆ ಸಂಪ್ರದಾಯದ ಅಧಿಕಾರವುಂಟೇ, ಅಥವಾ ಸಂಪ್ರದಾಯವು ಸದಾ ತವರಿನಿಂದಲೇ ಬರಬೇಕೇ? ಜನಪದರ ಯಾವ ಆಚರಣೆಯೂ ಈ ಪ್ರಶ್ನೆಯಿಂದ ಹೊರತಲ್ಲ. ಮತಪೆಟ್ಟಿಗೆಯಿಂದ ದೂರವಿಟ್ಟ ನಾಲ್ಕು ದಶಕಗಳಲ್ಲಿ ಸಮುದಾಯವು ತನ್ನ ಸಮಸ್ತ ಸಾರ್ವಜನಿಕ ಬದುಕನ್ನು ಲಂಗರಿನ ಕೋಣೆಯಲ್ಲಿಯೇ ನಡೆಸಿತ್ತು. ಜಗಳವೂ ಅಲ್ಲಿಗೇ ಬಂದುದರಲ್ಲಿ ಆಶ್ಚರ್ಯವಿಲ್ಲ.

ಆಬಟ್ಸ್‌ಫರ್ಡಿನ ಗುರುದ್ವಾರವನ್ನು ಕೆನಡಾ ಸರ್ಕಾರವು 2002ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು. ಶತಮಾನೋತ್ಸವದ ವರ್ಷವಾದ 2011ರಲ್ಲಿ ಅದರ ಕೆಳ ಅಂತಸ್ತಿನಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಒಲೆ ಉರಿಯುವುದು ಈಗ ರಸ್ತೆಯಾಚೆಯ ದೊಡ್ಡ ಗುರುದ್ವಾರದಲ್ಲಿ.