ಸ್ಲೀಪ್ ಆಪ್ನಿಯಾ ಪರೀಕ್ಷೆ: ವ್ಯಾಪಾರಸ್ಥರು ತಿಳಿದಿರಬೇಕಾದ ಅಂಶಗಳು

ವರ್ಷಾಂತ್ಯದ ಲೆಕ್ಕಪತ್ರಗಳ ಪರಿಶೀಲನೆಗೆಂದು ಕಚೇರಿಗೆ ಬಂದಿದ್ದ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಬ್ಯಾಲೆನ್ಸ್ ಷೀಟ್ ಮುಂದಿರುವಂತೆಯೇ ತೂಕಡಿಸತೊಡಗಿದರು. ರಾತ್ರಿ ಎಂಟು ಗಂಟೆ ಮಲಗಿದರೂ ಹೀಗಾಗುತ್ತದೆ, ಮೊನ್ನೆ ಕಾರು ಓಡಿಸುವಾಗಲೂ ಕಣ್ಣು ಮುಚ್ಚಿತ್ತು ಎಂದರು. ತಂದೆಯ ಗೊರಕೆ ನಡುನಡುವೆ ನಿಂತು ಉಸಿರೇ ಇಲ್ಲದಂತಾಗುವುದೆಂದು ಮಗ ಹೇಳಿದ. ಮುಂದೆ ಪರೀಕ್ಷಿಸಿದಾಗ ಗಂಟೆಗೆ 34 ಬಾರಿ ಉಸಿರಾಟಕ್ಕೆ ತಡೆಯಾಗುತ್ತಿದ್ದುದು ತಿಳಿಯಿತು. ಹಲವು ವರ್ಷಗಳ ರೋಗವನ್ನು ಪತ್ತೆಹಚ್ಚಲು ಬೇಕಾದದ್ದು ಒಂದೇ ರಾತ್ರಿ. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ರೋಗದ ಸ್ವರೂಪ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿ, ಉಸಿರು ಕನಿಷ್ಠ 10 ಸೆಕೆಂಡುಗಳ ಕಾಲ ನಿಲ್ಲುವುದು ಅಥವಾ ತೀರಾ ಕ್ಷೀಣಿಸುವುದು ಈ ರೋಗದ ಲಕ್ಷಣ. ಗಂಟೆಗೆ ಇಂತಹ ತಡೆಗಳು 5ರಿಂದ 15ರವರೆಗಿದ್ದರೆ ಸೌಮ್ಯ, 15ರಿಂದ 30ರವರೆಗಿದ್ದರೆ ಮಧ್ಯಮ, 30ನ್ನು ಮೀರಿದರೆ ತೀವ್ರವೆಂದು ಪರಿಗಣಿಸಲಾಗುತ್ತದೆ. ಹಗಲಿನ ತೂಕಡಿಕೆಯಲ್ಲದೆ ರಕ್ತದೊತ್ತಡ ಹಾಗೂ ಹೃದ್ರೋಗಕ್ಕೂ ಇದರ ನಂಟಿದೆ. ಭಾರತದ ಅಧ್ಯಯನಗಳನ್ನು ಕ್ರೋಡೀಕರಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಶೇ. 11ರಷ್ಟು ಜನರಿಗೆ ಈ ತೊಂದರೆ ಇದೆ.

ಪರೀಕ್ಷೆಯ ಹಂತಗಳು

ಮೊದಲ ಹಂತಕ್ಕೆ ಖರ್ಚೇ ಇಲ್ಲ. ವೈದ್ಯರು ಬಳಸುವ ‘ಸ್ಟಾಪ್-ಬ್ಯಾಂಗ್’ ಪ್ರಶ್ನಾವಳಿಯಲ್ಲಿ ಎಂಟು ಪ್ರಶ್ನೆಗಳಿವೆ: ಜೋರಾದ ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಬೇರೆಯವರು ಕಂಡಿರುವುದು, ರಕ್ತದೊತ್ತಡ, 35ನ್ನು ಮೀರಿದ ಬಿ.ಎಂ.ಐ., 50 ದಾಟಿದ ವಯಸ್ಸು, 40 ಸೆಂ.ಮೀ.ಗಿಂತ ಹೆಚ್ಚಿನ ಕುತ್ತಿಗೆಯ ಸುತ್ತಳತೆ ಮತ್ತು ಪುರುಷರಾಗಿರುವುದು. ಮೂರು ಅಥವಾ ಹೆಚ್ಚು ಉತ್ತರ ‘ಹೌದು’ ಎಂದಾದಲ್ಲಿ ಶ್ವಾಸಕೋಶ ತಜ್ಞರನ್ನೋ ಕಿವಿ-ಮೂಗು-ಗಂಟಲು ತಜ್ಞರನ್ನೋ ಕಾಣಬೇಕು.

ಎರಡನೆಯದು, ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಸಣ್ಣ ಉಪಕರಣವೊಂದು ಉಸಿರಿನ ಹರಿವು, ಎದೆಯ ಚಲನೆ ಮತ್ತು ರಕ್ತದಲ್ಲಿನ ಆಮ್ಲಜನಕವನ್ನು ರಾತ್ರಿಯಿಡೀ ದಾಖಲಿಸುತ್ತದೆ. ಮೂರನೆಯದು, ಮಿದುಳಿನ ಅಲೆಗಳನ್ನೂ ಅಳೆಯುವ, ಆಸ್ಪತ್ರೆಯ ನಿದ್ರಾ ಪ್ರಯೋಗಾಲಯದ ಪೂರ್ಣ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್ ಮುಂತಾದ ಸಂಸ್ಥೆಗಳಲ್ಲಿ ಈ ಸೌಲಭ್ಯವಿದೆ. ಆದರೆ ಎಲ್ಲರೂ ಅಲ್ಲಿಗೆ ಹೋಗಬೇಕಾಗಿಲ್ಲ. ಹೃದಯ ವೈಫಲ್ಯ, ಪಾರ್ಶ್ವವಾಯು, ಗಂಭೀರ ಶ್ವಾಸಕೋಶದ ರೋಗ ಇಲ್ಲದವರಿಗೆ ಸಾಮಾನ್ಯವಾಗಿ ಮನೆಯ ಪರೀಕ್ಷೆ ಸಾಕಾಗುತ್ತದೆ.

ಒಂದು ಎಚ್ಚರಿಕೆ. ಮನೆಯ ಉಪಕರಣಕ್ಕೆ ನಿದ್ರೆ ಯಾವುದು, ಎಚ್ಚರ ಯಾವುದು ಎಂದು ತಿಳಿಯದು. ಹೊರಳಾಡಿದ ಹೊತ್ತನ್ನೂ ಸೇರಿಸಿ ಒಟ್ಟು ಸಮಯದಿಂದ ಭಾಗಿಸುವುದರಿಂದ ಸರಾಸರಿ ಕಡಿಮೆಯಾಗಿ ತೋರಬಹುದು. ಆದ್ದರಿಂದ ಲಕ್ಷಣಗಳು ಸ್ಪಷ್ಟವಾಗಿದ್ದು ವರದಿ ಮಾತ್ರ ಸರಿಯಿದ್ದಲ್ಲಿ, ಪೂರ್ಣ ಪರೀಕ್ಷೆ ಮಾಡಿಸುವುದು ಅಗತ್ಯ.

ವಿಮೆ ಮತ್ತು ತೆರಿಗೆ

ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳಲ್ಲಿ, ಕೇವಲ ತಪಾಸಣೆಗಾಗಿ ಆಸ್ಪತ್ರೆಗೆ ದಾಖಲಾಗುವುದೂ ಒಂದು. ಆದ್ದರಿಂದ ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ವೆಚ್ಚದ ಸೌಲಭ್ಯ ಉಂಟೇ ಎಂದು ಮೊದಲೇ ಓದಿಕೊಳ್ಳಿ; ಪರೀಕ್ಷೆಯ ದರವನ್ನು ಲಿಖಿತವಾಗಿ ಪಡೆಯಿರಿ. ರೋಗ ಪತ್ತೆಯಾದರೆ ಪ್ರೀಮಿಯಂ ಹೆಚ್ಚೀತೆಂದು ಪರೀಕ್ಷೆಯನ್ನೇ ಮುಂದೂಡುವವರಿದ್ದಾರೆ. ಇದು ತಪ್ಪು ಲೆಕ್ಕ. ಮೊದಲೇ ಇರುವ ರೋಗಗಳಿಗೆ ಕಾಯುವ ಅವಧಿಯನ್ನು 2024ರಲ್ಲಿ ಗರಿಷ್ಠ 36 ತಿಂಗಳಿಗೆ ಇಳಿಸಲಾಗಿದೆ. ಗೊತ್ತಿದ್ದೂ ಮರೆಮಾಚಿದರೆ ಮಾತ್ರ ಕ್ಲೇಮ್ ತಿರಸ್ಕೃತವಾಗುವ ಭಯ.

ನೌಕರರ ಪರೀಕ್ಷೆಗೆ ಸಂಸ್ಥೆ ಭರಿಸಿದ ಹಣವನ್ನು ಸಿಬ್ಬಂದಿ ಕಲ್ಯಾಣ ವೆಚ್ಚವಾಗಿ ತೋರಿಸಬಹುದು. ಮಾಲೀಕರ ಸ್ವಂತ ಪರೀಕ್ಷೆ ಮಾತ್ರ ವೈಯಕ್ತಿಕ ಖರ್ಚು. ಅದು ಡ್ರಾಯಿಂಗ್ಸ್ ಖಾತೆಗೆ ಸೇರಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆರೋಗ್ಯ ವಿಮೆಯ ಕಡಿತದ ಮಿತಿಯೊಳಗೇ ಮುನ್ನೆಚ್ಚರಿಕೆಯ ತಪಾಸಣೆಗೆ ರೂ. 5,000ದವರೆಗೆ ಅವಕಾಶವಿದೆ. ಲಕ್ಷಣ ಕಂಡ ನಂತರದ ಪರೀಕ್ಷೆಯನ್ನು ಇದರಡಿ ತೋರಿಸುವ ಮುನ್ನ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಲೇಸು.

ನಾವು ಮಾಡಬಹುದಾದದ್ದು

ನಮ್ಮಲ್ಲಿ ಅನೇಕರ ಸರಕು ರಾತ್ರಿಯ ಹೊತ್ತಿನಲ್ಲೇ ಸಾಗುತ್ತದೆ. ನಿದ್ದೆಗಣ್ಣಿನ ಚಾಲಕನಿಂದಾಗುವ ನಷ್ಟವನ್ನು ಯಾವ ವಿಮೆಯೂ ಪೂರ್ಣವಾಗಿ ತುಂಬಿಕೊಡದು. ಆದರೆ ಕೆಲಸ ಹೋದೀತೆಂಬ ಅಂಜಿಕೆಯಿದ್ದರೆ ಯಾವ ಚಾಲಕನೂ ಬಾಯಿಬಿಡಲಾರ. ಚಿಕಿತ್ಸೆ ಪಡೆದವನಿಗೆ ಕೆಲಸ ಉಂಟೆಂಬ ಭರವಸೆಯನ್ನು ಮಾಲೀಕರು ಮೊದಲೇ ನೀಡಬೇಕು. ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ಜೊತೆಗೆ ಈ ಎಂಟು ಪ್ರಶ್ನೆಗಳನ್ನೂ ಕೇಳುವಂತಾಗಲಿ. ಅದಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ಒಂದು ಅಳತೆ ಪಟ್ಟಿ ಮಾತ್ರ.

ಗಿರಣಿಯ ಮಾಲೀಕರು ಈಗ ವೈದ್ಯರ ಸಲಹೆಯಂತೆ ರಾತ್ರಿ ಸಿ-ಪ್ಯಾಪ್ ಯಂತ್ರ ಬಳಸುತ್ತಿದ್ದಾರೆ. ಈ ವರ್ಷ ಬ್ಯಾಲೆನ್ಸ್ ಷೀಟನ್ನು ಅವರು ಕೊನೆಯ ಸಾಲಿನವರೆಗೂ ಓದಿ, ನಾನು ಗಮನಿಸದಿದ್ದ ತಪ್ಪೊಂದನ್ನು ತೋರಿಸಿಕೊಟ್ಟರು.