ಆ ಪುಟ್ಟ ಮೈನಸ್ ಗುರುತು

ಶಾಲೆಯಲ್ಲಿ ಕೊಟ್ಟ ಹೊಸ ಐಡಿ ಕಾರ್ಡ್ ತೋರಿಸುತ್ತಾ ಮೊಮ್ಮಗಳು ಕೇಳಿದಳು: "ತಾತ, ನನ್ನ ಬ್ಲಡ್ ಗ್ರೂಪ್ ಮುಂದೆ ಮೈನಸ್ ಹಾಕಿದ್ದಾರೆ. ನನ್ನ ರಕ್ತದಲ್ಲಿ ಏನಾದರೂ ಕಡಿಮೆ ಇದೆಯಾ?"

"ಏನೂ ಕಡಿಮೆ ಇಲ್ಲ ಕಣಮ್ಮ" ಎಂದೆ. ಆದರೆ ಆ ಪುಟ್ಟ ಗೆರೆ ನೋಡಿ ನನಗೆ ನನ್ನ ತಂಗಿ ನೆನಪಾದಳು.

1988ರಲ್ಲಿ ಅವಳ ಮೊದಲ ಹೆರಿಗೆ ಸುಸೂತ್ರವಾಗಿ ಆಯಿತು. ಹನೂರಿನ ನಮ್ಮ ಮನೆಯಲ್ಲಿ ಹಬ್ಬದ ಸಡಗರ. ಮೂರು ವರ್ಷದ ನಂತರ ಎರಡನೆಯ ಮಗು ಹುಟ್ಟಿತು. ಮೊದಲ ದಿನವೇ ಮೈ, ಕಣ್ಣೆಲ್ಲ ಅರಿಶಿನದಂತೆ ಹಳದಿ. ಮೈಸೂರಿಗೆ ಕರೆದೊಯ್ದೆವು. ನಾಲ್ಕನೆಯ ದಿನ ಮಗು ತೀರಿಕೊಂಡಿತು. ಕೆಲವರು ದೃಷ್ಟಿ ಎಂದರು, ಕೆಲವರು ಹಣೆಬರಹ ಎಂದರು. ಅಲ್ಲಿನ ವೈದ್ಯರೊಬ್ಬರು ಮಾತ್ರ, "ಮೊದಲ ಹೆರಿಗೆಯಾದಾಗ ಇಂಜೆಕ್ಷನ್ ಕೊಡಲಿಲ್ಲವೇ?" ಎಂದು ಕೇಳಿದರು.

ಮನೆಗೆ ಬಂದು ಹಳೆಯ ಚೀಟಿ ಹುಡುಕಿದೆ. 'ಬಿ ನೆಗೆಟಿವ್' ಎಂದು ಅದರಲ್ಲೇ ಬರೆದಿತ್ತು. ಬರೆದವರು ಹೇಳಲಿಲ್ಲ, ನಾವು ಕೇಳಲಿಲ್ಲ. ಬ್ಯಾಂಕಿನಲ್ಲಿ ದಿನವಿಡೀ ಲೆಡ್ಜರ್ ತಾಳೆ ನೋಡುತ್ತಿದ್ದ ನಾನೂ ಅದನ್ನು ಓದಿರಲಿಲ್ಲ.

ಮಕ್ಕಳೇ, ಕೆಂಪು ರಕ್ತಕಣದ ಮೇಲೆ 'ಡಿ' ಎಂಬ ಅಂಶವಿದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಈ ಆರ್‌ಎಚ್ ಗುಂಪನ್ನು ಲ್ಯಾಂಡ್‌ಸ್ಟೈನರ್ ಮತ್ತು ವೀನರ್ 1940ರಲ್ಲಿ ಜಗತ್ತಿಗೆ ತಿಳಿಸಿದರು. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಹೆರಿಗೆಯಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಿದರೆ, ತಾಯಿಯ ದೇಹ ಅದನ್ನು ಹೊರಗಿನದೆಂದು ತಿಳಿದು ಪ್ರತಿಕಾಯ ತಯಾರಿಸುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆದರೆ ಆ ಪ್ರತಿಕಾಯಗಳು ಅದರ ರಕ್ತಕಣಗಳನ್ನು ಒಡೆಯುತ್ತವೆ. ಆಗ ರಕ್ತಹೀನತೆ, ವಿಪರೀತ ಕಾಮಾಲೆ ಬರುತ್ತದೆ.

ಇದನ್ನು ತಡೆಯುವ 'ಆಂಟಿ-ಡಿ' ಇಂಜೆಕ್ಷನ್ 1968ರಿಂದಲೇ ಇದೆ. ಬಸುರಿಯ 28ನೇ ವಾರದಲ್ಲಿ ಒಮ್ಮೆ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಕೊಡುತ್ತಾರೆ. ಗರ್ಭಪಾತವಾದಾಗಲೂ ವೈದ್ಯರನ್ನು ಕೇಳಬೇಕು. ಪ್ರತಿಕಾಯ ಹುಟ್ಟಿದ ಮೇಲೆ ಕೊಟ್ಟರೆ ಉಪಯೋಗವಿಲ್ಲ. ಈ ಔಷಧ ತಯಾರಾಗುವುದು ದಾನಿಗಳ ರಕ್ತದಿಂದ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬ ಪುಣ್ಯಾತ್ಮ 2018ರವರೆಗೆ 1,173 ಬಾರಿ ದಾನ ಮಾಡಿದರು!

ಹಿರಿಯರಿಗೆ ಒಂದು ಮಾತು. ಮನೆಯಲ್ಲಿ ಬಸುರಿಯಿದ್ದರೆ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಓದಿ. ನೆಗೆಟಿವ್ ಇದ್ದರೆ, "ಇಂಜೆಕ್ಷನ್ ಯಾವಾಗ?" ಎಂದು ಸಂಕೋಚವಿಲ್ಲದೆ ಕೇಳಿ. ಲೋಪವಾಗಿದೆ ಎನಿಸಿದರೆ ಚಿಕಿತ್ಸೆಯ ದಾಖಲೆ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಿಯಮವೇ ಹೇಳುತ್ತದೆ. ಹಣ ಕೊಟ್ಟು ಪಡೆದ ಚಿಕಿತ್ಸೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ವೈದ್ಯರೆಲ್ಲ ಕೆಟ್ಟವರೆಂದಲ್ಲ, ನಮ್ಮ ಮಗುವನ್ನು ಉಳಿಸಲು ಹಗಲಿರುಳು ಹೆಣಗಿದವರೂ ವೈದ್ಯರೇ.

ಇದನ್ನೆಲ್ಲ ಕೇಳಿದ ಮೊಮ್ಮಗಳು ಒಂದು ನೋಟ್‌ಬುಕ್ ತಂದು ಮನೆಯವರೆಲ್ಲರ ರಕ್ತದ ಗುಂಪು ಬರೆದಳು. ತನ್ನ ಹೆಸರಿನ ಮುಂದಿನ ಮೈನಸ್ ಅನ್ನು ಕೆಂಪು ಪೆನ್ನಿನಲ್ಲಿ ದಪ್ಪಗೆ ತಿದ್ದಿದಳು. "ಇನ್ನು ಯಾರ ಕಣ್ಣಿಗೂ ತಪ್ಪಲ್ಲ ಬಿಡಿ ತಾತ" ಎಂದಳು.