ನೀರು ಒಪ್ಪಿದ ದಿನವೇ ರಜೆ

"ಅಜ್ಜಾ, ದಸರಾ ರಜೆಗೆ ಬರ್ತೀವಿ. ಕೆರೆ, ಹೊಳೆ, ಸಮುದ್ರ ಮೂರರಲ್ಲೂ ಆಡಬೇಕು. ನಾಲ್ಕು ದಿನ ಸಾಕಲ್ವಾ?"

ಬೆಂಗಳೂರಿನಿಂದ ಮೊಮ್ಮಗಳ ಫೋನು. ಅವಳು ಒಂಬತ್ತನೇ ತರಗತಿ, ತಮ್ಮ ಐದನೇ ತರಗತಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವಮಾನವಿಡೀ ಲೆಕ್ಕ ಬರೆದವನಿಗೆ ನಾಲ್ಕು ದಿನದ ಲೆಕ್ಕ ಯಾವ ಮಹಾ ಎಂದು ಡೈರಿ ತೆಗೆದೆ. ಎರಡು ಸಂಜೆ ಕಳೆದರೂ ತಾಳೆಯಾಗಲಿಲ್ಲ.

ನಮ್ಮ ಕೊಡಗಿನ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ದಕ್ಷಿಣ ಕೊಡಗಿನ ಬರಪೊಳೆ ಪಶ್ಚಿಮಕ್ಕೆ ಧುಮುಕಿ, ಕೇರಳದ ವಳಪಟ್ಟಣಂ ಹೊಳೆಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಸಂಪಾಜೆ ಕಡೆಯ ಪಯಸ್ವಿನಿ ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಂಡು ಅದೇ ಸಮುದ್ರ ಸೇರುತ್ತದೆ. ಮೊಮ್ಮಗನಿಗೆ ನಾನು ಹೇಳುವುದು ಹೀಗೆ: ಹೊಳೆ ಚಾಲ್ತಿ ಖಾತೆ, ಹಾರಂಗಿ ಜಲಾಶಯ ಠೇವಣಿ, ಸಮುದ್ರ ಹೆಡ್ ಆಫೀಸು!

ತೊಡಕಿರುವುದು ಕ್ಯಾಲೆಂಡರಿನಲ್ಲಿ. ಬರಪೊಳೆಯಲ್ಲಿ ರಾಫ್ಟಿಂಗ್ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಆಗ ಮಕ್ಕಳಿಗೆ ಶಾಲೆ. ಸಮುದ್ರವೂ ಆಗ ರೌದ್ರಾವತಾರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮಕ್ಕಳಿಗೆ ಬೇಸಿಗೆ ರಜೆ ಬಂದಾಗ ಹೊಳೆಯಲ್ಲಿ ಬರೀ ಬಂಡೆ. ಶಾಲೆ, ಹೊಳೆ, ಸಮುದ್ರ ಮೂರಕ್ಕೂ ಒಟ್ಟಿಗೆ ರಜೆ ಸಿಗುವುದೇ ಇಲ್ಲ.

ಆದ್ದರಿಂದ ಪ್ರವಾಸವನ್ನು ಎರಡು ಕಂತು ಮಾಡಿದೆ: ಅಕ್ಟೋಬರ್‌ನಲ್ಲಿ ಕೆರೆ, ಹೊಳೆ, ಡಿಸೆಂಬರ್‌ನಲ್ಲಿ ಸಮುದ್ರ. ಬರಪೊಳೆ ಬೇಡವೆಂದೆ. ಹೊಳೆಯ ರಭಸವನ್ನು 1ರಿಂದ 6ರವರೆಗಿನ ದರ್ಜೆಯಲ್ಲಿ ಅಳೆಯುತ್ತಾರೆ. 1 ಎಂದರೆ ಸಾಧು, 6 ಎಂದರೆ ಪ್ರಾಣಾಪಾಯ. ಬರಪೊಳೆಯ ಕೆಲವು ಕಡೆ 4ನೇ ದರ್ಜೆಯ ಸೆಳೆತವಿದೆ. ಹೊಸಬರಿಗೆ ದುಬಾರೆಯ ಕಾವೇರಿ ಸಾಕು.

ನಿಜ ಹೇಳಬೇಕೆಂದರೆ ನನಗೆ ನೀರೆಂದರೆ ಭಯ. ಹನ್ನೊಂದನೇ ವಯಸ್ಸಿನಲ್ಲಿ ಭಾಗಮಂಡಲದ ಸಂಗಮದಲ್ಲಿ ಕಾಲು ಜಾರಿ ಮುಳುಗಿದ್ದೆ. ಸೋದರಮಾವ ಅಂಗಿ ಹಿಡಿದು ಎಳೆದಿರದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. ಆಮೇಲೆ ಈಜು ಕಲಿಯಲಿಲ್ಲ, ದೋಣಿ ಹತ್ತಲಿಲ್ಲ. ಹಾಗಾಗಿ ಮೊಮ್ಮಕ್ಕಳಿಗೆ ಒಂದು ಷರತ್ತು ಹಾಕಿದೆ: ಬರುವ ಮೊದಲು ಇಬ್ಬರೂ ಈಜು ಕಲಿಯಬೇಕು. ಕಲಿತೇ ಬಂದರು.

ಮೊದಲ ದಿನ ಸೋಮವಾರಪೇಟೆ ಬಳಿಯ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ. ಕೆರೆಗೆ ನೀರು ಬರಲೆಂದು ಪ್ರಾಣ ಕೊಟ್ಟ ಹೊನ್ನಮ್ಮನ ಕಥೆ ಹೇಳಿದೆ. ಗೌರಿ ಹಬ್ಬದಂದು ಇಲ್ಲಿ ಬಾಗಿನ ಬಿಡುತ್ತಾರೆ. "ಇಲ್ಲಿ ಆಡೋದು ಬೇಡ, ಅಲ್ವಾ ಅಜ್ಜ?" ಎಂದ ಮೊಮ್ಮಗ. ದಡದಲ್ಲಿ ಕೂತು ಬುತ್ತಿ ಬಿಚ್ಚಿ ಉಂಡೆವು.

ಎರಡನೇ ದಿನ ದುಬಾರೆ. ಹಿಂದಿನ ರಾತ್ರಿ ಮೇಲೆ ಜೋರು ಮಳೆಯಾಗಿತ್ತು. ಹೊಳೆ ಕೆಂಪಾಗಿ, ಕೊಂಬೆಗಳನ್ನು ಹೊತ್ತು ಬರುತ್ತಿತ್ತು. "ಇವತ್ತು ಇಳಿಸೋದಿಲ್ಲ ಸಾರ್" ಎಂದರು ರಾಫ್ಟಿನವರು. ಮೊಮ್ಮಗಳ ಮುಖ ಬಾಡಿತು. "ಇಷ್ಟು ದೂರ ಬಂದಿದ್ದೀವಿ, ಸ್ವಲ್ಪ ಕೇಳಿ ಅಜ್ಜ" ಎಂದಳು. ನಾನು ಕೇಳಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಊರುಗಳೇ ಕೊಚ್ಚಿಹೋದದ್ದನ್ನು ಕಂಡವರು ನಾವು. ಬೇಡ ಎಂದವರಿಗೆ ಕೈಮುಗಿದು ವಾಪಸಾದೆ. ಡೈರಿಯಲ್ಲಿ ಮೂರನೇ ದಿನವನ್ನು ಖಾಲಿ ಬಿಟ್ಟಿದ್ದೆನಲ್ಲ, ಅದು ಆಪತ್ಕಾಲದ ಠೇವಣಿಯಂತೆ ಒದಗಿತು.

ಮರುದಿನ ನೀರು ಇಳಿದಿತ್ತು. ಲೈಫ್ ಜಾಕೆಟ್ ಹಾಕಿ, ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿದರು. ಗಲ್ಲದ ಮೇಲಕ್ಕೆ ಏರಿದರೆ ಅದು ಸಡಿಲ ಎಂದರ್ಥ. ಹೆಲ್ಮೆಟ್ ಬಿಗಿದರು. "ಬಿದ್ದರೆ ಅಂಗಾತ ಮಲಗಿ ತೇಲಬೇಕು, ಪಾದ ಹರಿವಿನ ಕಡೆಗೆ. ಎದ್ದು ನಿಲ್ಲೋಕೆ ಹೋಗಬಾರದು, ಕಾಲು ಬಂಡೆ ಸಂದಿಗೆ ಸಿಕ್ಕಿಕೊಳ್ಳುತ್ತೆ" ಎಂದು ಹೇಳಿಕೊಟ್ಟರು. ಮಕ್ಕಳೇ, ಇದನ್ನು ನೀವೂ ನೆನಪಿಡಿ. ಮೊಮ್ಮಗಳು ರಾಫ್ಟಿನಲ್ಲಿ ಕೂಗುತ್ತಾ ಹೋದಳು. ಚಿಕ್ಕವನಿಗೆ ಅದು ಬೇಡವೆಂದು, ಅವನ ಕೈ ಹಿಡಿದು ಆನೆ ಶಿಬಿರಕ್ಕೆ ದಾಟುವ ದೋಣಿ ಹತ್ತಿದೆ. ಅರವತ್ತು ವರ್ಷಗಳ ಮೇಲೆ ಅದೇ ನನ್ನ ಮೊದಲ ದೋಣಿ. "ಅಜ್ಜ, ನನ್ನ ಕೈ ನೋಯ್ತಿದೆ" ಎಂದ!

ಡಿಸೆಂಬರ್‌ನಲ್ಲಿ ಪಯಸ್ವಿನಿಯ ಜೊತೆಗೇ ಸಂಪಾಜೆ ಘಾಟಿ ಇಳಿದು, ಮಂಗಳೂರು ದಾಟಿ ಮೂಲ್ಕಿಗೆ ಹೋದೆವು. ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವ ಸರ್ಫಿಂಗ್‌ಗೆ ಹೆಸರಾದ ಊರು ಅದು. ಮಕ್ಕಳು ಸೊಂಟಮಟ್ಟದ ನೊರೆಯಲೆಯಲ್ಲಿ ಬಿದ್ದು ಎದ್ದು ಕಲಿತರು. ಅಲ್ಲೇ ಶಾಂಭವಿ ಹೊಳೆ ಸಮುದ್ರ ಸೇರುವ ಮುನ್ನ ನಿಂತಂತೆ ಹರಿಯುತ್ತದೆ. ಅದರಲ್ಲಿ ಪುಟ್ಟ ಕಯಾಕ್ ದೋಣಿ. ನಾನು ಮುಂದೆ, ಮೊಮ್ಮಗಳು ಹಿಂದೆ. ಹುಟ್ಟು ಹಾಕಿದ್ದೆಲ್ಲ ಅವಳೇ. ನಡುನೀರಿನಲ್ಲಿ ಹುಟ್ಟು ನಿಲ್ಲಿಸಿ, "ಭಯ ಆಗ್ತಿದೆಯಾ ಅಜ್ಜ?" ಎಂದಳು.

"ಆಗ್ತಿದೆ, ಆದರೂ ಚೆನ್ನಾಗಿದೆ" ಎಂದೆ.

ಅಜ್ಜ-ಅಜ್ಜಿಯರೇ, ಮಕ್ಕಳ ಜೊತೆ ನೀರಿಗೆ ಹೊರಡುವಾಗ ಡೈರಿಯಲ್ಲಿ ಒಂದು ದಿನ ಖಾಲಿ ಬಿಡಿ. ಅದನ್ನು ತುಂಬುವ ಹಕ್ಕು ನೀರಿನದು.